ಎಲ್ಲಿಗೂ ಹೋಗದ ರೈಲಿನಲ್ಲಿ ಒಂದು ದಿನ

ಶ್ರೀನಗರ

ನಮ್ಮ ಯಜಮಾನರು ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದರು. ಅವರ ಜೊತೆ ನಾನು ರೈಲಿನಲ್ಲಿ ಕೂತಿದ್ದು ಒಂದೇ ಸಲ, ಅದೂ ಅರ್ಧ ದಾರಿ. ಮದುವೆಯಾದ ವಾರಕ್ಕೆ ಅರಸೀಕೆರೆಯಿಂದ ಬೆಂಗಳೂರಿಗೆ ಬರುತ್ತಿದ್ದೆವು. ತಿಪಟೂರಿನಲ್ಲಿ ಗಾಡಿ ನಿಂತಾಗ, "ಚಕ್ರ ಯಾಕೋ ಸರಿಯಾಗಿ ಮಾತಾಡ್ತಿಲ್ಲ, ನೋಡ್ಕೊಂಡ್ ಬರ್ತೀನಿ" ಎಂದು ಇಳಿದವರು ಮತ್ತೆ ಕಂಡಿದ್ದು ಬೆಂಗಳೂರು ಸ್ಟೇಷನ್ನಿನಲ್ಲಿ. ಯಾವುದೋ ಹಿಂದಿನ ಡಬ್ಬಿ ಹತ್ತಿ, ಅಲ್ಲಿದ್ದ ಗಾರ್ಡಿನ ಜೊತೆ ಹರಟುತ್ತಾ ಬಂದಿದ್ದರಂತೆ. ನಾನು ಹೊಸ ಸೀರೆಯಲ್ಲಿ, ಪಕ್ಕದ ಸೀಟಿಗೆ ಟವೆಲ್ ಹಾಸಿ, ಕೂರಲು ಬಂದವರಿಗೆಲ್ಲ "ಬರ್ತಾರೆ, ಬರ್ತಾರೆ" ಎಂದು ಹೇಳುತ್ತಾ ಕೂತಿದ್ದೆ.

ಇವರ ಕೆಲಸ ಯಾರ್ಡಿನಲ್ಲಿ ಚಕ್ರ ನೋಡುವುದು. ಉದ್ದ ಹಿಡಿಯ ಸುತ್ತಿಗೆಯಿಂದ ತಟ್ಟಿ, ಬಂದ ಶಬ್ದ ಕೇಳಿ, ಚಕ್ರ ಗಟ್ಟಿಯೋ ಬಿರುಕು ಬಿಟ್ಟಿದೆಯೋ ಹೇಳುತ್ತಿದ್ದರು. ಕಿವಿ ಅಷ್ಟು ಚುರುಕು. ಸ್ಕೂಟರಿನಲ್ಲಿ ಹೋಗುವಾಗ ರೈಲ್ವೆ ಗೇಟು ಬಿದ್ದರೆ ಉಳಿದವರು ಶಾಪ ಹಾಕುತ್ತಾರೆ, ಇವರು ಹೆಲ್ಮೆಟ್ ತೆಗೆದು ಕಿವಿ ಕೊಡುತ್ತಾರೆ. "ಕೇಳೇ, ಏಳನೇ ಡಬ್ಬಿ, ಹಿಂದಿನ್ ಚಕ್ರ, ಫ್ಲಾಟ್ ಆಗಿದೆ." ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ತಿರುಗದೆ ಹಳಿಗೆ ಉಜ್ಜಿ ಒಂದು ಕಡೆ ಚಪ್ಪಟೆಯಾಗುತ್ತದಂತೆ. ಆಮೇಲೆ ಪ್ರತಿ ಸುತ್ತಿಗೂ ಅದು 'ಠಕ್' ಎಂದು ಹಳಿಗೆ ಬಡಿಯುತ್ತಲೇ ಇರುತ್ತದೆ. ಮೂವತ್ತು ವರ್ಷ ಕೇಳಿ ಕೇಳಿ ನನಗೂ ಆ ಶಬ್ದ ಗುರುತು ಸಿಗುತ್ತದೆ. ಆದರೆ ನನ್ನ ಗಂಟಲಿನ ಶಬ್ದದಲ್ಲಿ ಏನಾದರೂ ವ್ಯತ್ಯಾಸವಿದ್ದರೆ ಅದು ಮಾತ್ರ ಅವರಿಗೆ ಯಾವತ್ತೂ ಕೇಳಿಸಿದ್ದಿಲ್ಲ.

ಕುಟುಂಬಕ್ಕೆಂದು ಪ್ರತಿ ವರ್ಷ ಪಾಸು ಸಿಗುತ್ತಿತ್ತು. ಇಡೀ ದೇಶ ಸುತ್ತಬಹುದಾಗಿತ್ತು. ನಮ್ಮ ಮನೆ ಬೆಂಗಳೂರಿನ ಶ್ರೀನಗರದಲ್ಲಿ. ನಾನು ಚಿಕ್ಕಲಸಂದ್ರದ ಹೈಸ್ಕೂಲಿನಲ್ಲಿ ಭೂಗೋಳದ ಟೀಚರು, ಬೋರ್ಡಿಗೆ ಭೂಪಟ ನೇತುಹಾಕಿ ಕೋಲಿನಲ್ಲಿ ಹಿಮಾಲಯ ತೋರಿಸುತ್ತಿದ್ದವಳು. ಒಮ್ಮೆ ಕನ್ಯಾಕುಮಾರಿಗೆ ಹೊರಟೇಬಿಟ್ಟಿದ್ದೆವು. ಚಪಾತಿ, ಚಟ್ನಿಪುಡಿ ಎಲ್ಲ ಕಟ್ಟಿ ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಯಾರ್ಡಿನಿಂದ ಫೋನು. "ಒಂದ್ಗಂಟೆ ಅಷ್ಟೆ, ಬರ್ತೀನಿ" ಎಂದು ಹೋದರು. ಆ ಚಪಾತಿಯನ್ನು ನಾವು ಮಾರನೆಯ ದಿನ ಮನೆಯಲ್ಲೇ ತಿಂದೆವು. ಸಮುದ್ರವನ್ನೇ ನೋಡಿಲ್ಲ ಎಂದಲ್ಲ, ಶಾಲೆಯ ಟೂರಿನಲ್ಲಿ ಎರಡು ಸಲ ನೋಡಿದ್ದೇನೆ. ಆದರೆ ಎರಡು ಸಲವೂ ಬೆನ್ನು ಸಮುದ್ರದ ಕಡೆಗಿತ್ತು, ಕಣ್ಣು ಮಕ್ಕಳ ತಲೆ ಎಣಿಸುತ್ತಿತ್ತು.

ಈ ಪ್ರವಾಸ ಇವರ ತಂಗಿಯ ಮಗಳು ಸುಮಾಳ ಏರ್ಪಾಡು. ಅವಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನರ್ಸು. ಮೂರು ವಾರ ಬಂದು ಹೋಗಿ ಎಂದು ಕರೆಸಿಕೊಂಡಳು. ಬಂದ ಮೇಲೆ ಒಂದು ದಿನ, "ಮಾವಂಗೆ ಸರ್‌ಪ್ರೈಸ್! ಕಾಡಲ್ಲಿ ಒಂದು ರೈಲ್ ಡಬ್ಬೀನ ಮನೆ ಮಾಡಿದಾರೆ, ಅದರಲ್ಲಿ ಒಂದು ರಾತ್ರಿ ಬುಕ್ ಮಾಡಿದೀನಿ" ಎಂದಳು. ಇವರ ಮುಖ ಅರಳಿತು. ಅತ್ತೆಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ಜೀವಮಾನವಿಡೀ ಓಡುವ ರೈಲು ಹತ್ತಿಸದವರು, ಏಳು ಸಮುದ್ರ ದಾಟಿಸಿ ಕರೆತಂದು ನಿಂತ ರೈಲಿನಲ್ಲಿ ಕೂರಿಸುತ್ತಿದ್ದಾರಲ್ಲ ಎಂದು ನನಗೆ ಒಳಗೊಳಗೇ ಉರಿಯಿತು.

"ಅತ್ತೆ, ಅದರ ಪಕ್ಕದಲ್ಲೇ ಪುಟ್ಟ ಸ್ಟೇಷನ್ ಇದೆ. ನಿಜವಾದ್ ರೈಲೂ ಬರತ್ತೆ. ಒಂದ್ ಗಂಟೇಲಿ ಸಮುದ್ರ" ಎಂದು ಸುಮಾ ನನ್ನ ಮುಖ ನೋಡಿ ಸೇರಿಸಿದಳು.

ನಾನು ಇವರ ಕಡೆ ತಿರುಗಿದೆ. "ಬೆಳಿಗ್ಗೆ ಆ ಗಾಡೀಲಿ ಹೋಗ್ಬೇಕು. ನಾನು ಕಿಟಕಿ ಪಕ್ಕ, ನೀವು ನನ್ನ ಪಕ್ಕ. ಇಷ್ಟು ಮಾಡಿದ್ರೆ ಇನ್ನೇನೂ ಕೇಳಲ್ಲ."

"ಆಯ್ತು ಕಣೇ. ಮಾತು ಅಂದ್ರೆ ಮಾತು" ಎಂದರು. ಸುಮಾ ಸಾಕ್ಷಿ.

ಗಾಡಿ ನಿಂತ ಬಯಲು

ಸುಮಾ ಕಾರಿನಲ್ಲಿ ಬಿಟ್ಟು, ನಾಳೆ ರಾತ್ರಿಯೂಟದ ಹೊತ್ತಿಗೆ ಬರುತ್ತೇನೆಂದು ಹೋದಳು. ಅವಳು ಕಾಡು ಎಂದದ್ದು ಕಾಡಲ್ಲ. ಒಂದು ಮರವಿಲ್ಲ. ಕಣ್ಣು ಹಾಯುವಷ್ಟು ದೂರ ಕಂದು ಹುಲ್ಲು, ಕೆಸರು, ಕಲ್ಲು, ಅಲ್ಲೊಂದು ಇಲ್ಲೊಂದು ಕುರಿ. ನಮ್ಮ ಪಠ್ಯಪುಸ್ತಕದ ಭೂಪಟದಲ್ಲಿ ಈ ಜಾಗಕ್ಕೆ ಕಂದು ಬಣ್ಣ ಬಳಿದಿರುತ್ತಿತ್ತು, ಅದೊಂದು ಸುಳ್ಳಾಗಿರಲಿಲ್ಲ. ಬನಶಂಕರಿಯಲ್ಲಿ ಇಷ್ಟು ಜಾಗ ಖಾಲಿ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಸೈಟು ಕೊರೆದು, ಮೂಲೆಗೊಂದು ಗಣಪತಿ ಗುಡಿ ಕಟ್ಟಿ, ಎದುರಿಗೊಂದು ದರ್ಶಿನಿ ತೆರೆದಿರುತ್ತಿದ್ದರು. ಇಲ್ಲಿ ಇದ್ದ ಕಟ್ಟಡ ಒಂದೇ, ಹಳೆಯ ಸ್ಟೇಷನ್ ಮಾಸ್ತರರ ಕಲ್ಲಿನ ಮನೆ. ಅದರ ಮುಂದೆ ನಾಲ್ಕು ಮಂಚದಷ್ಟು ಉದ್ದದ ಪ್ಲಾಟ್‌ಫಾರ್ಮು. ಅದರಾಚೆ, ಎರಡೂ ತುದಿಯಲ್ಲಿ ತುಂಡಾದ ಹಳಿಯ ಮೇಲೆ, ನಮ್ಮ ಹಸಿರು ಡಬ್ಬಿ.

ಮನೆಯಲ್ಲಿರುವವಳು ಮೋರಾಗ್ ಎಂಬ ಎಪ್ಪತ್ತು ದಾಟಿದ ಹೆಂಗಸು. ಅವಳ ಗಂಡ ರೈಲಿನ ಗಾರ್ಡಾಗಿದ್ದವನು. ನಿವೃತ್ತನಾದ ಮೇಲೆ ಈ ಡಬ್ಬಿಯನ್ನು ತಂದು, ಮಂಚ, ಒಲೆ, ಬಚ್ಚಲು ಎಲ್ಲ ಅವನೇ ಕೂರಿಸಿ, ಮುಗಿದ ವರ್ಷವೇ ತೀರಿಕೊಂಡನಂತೆ. ಇದನ್ನೆಲ್ಲ ತಿಳಿದುಕೊಳ್ಳಲು ನನಗೆ ಎರಡು ಬಟ್ಟಲು ಟೀ ಹಿಡಿಯಿತು. ಅವಳ ಇಂಗ್ಲಿಷು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು. ನಾವು ಮಾಂಸ ತಿನ್ನುತ್ತೇವೆಯೇ ಎಂದು ಕೇಳಿದಳು, ಇಲ್ಲ ಎಂದೆ. ಯಾಕೆ ಕೇಳುತ್ತಿದ್ದಾಳೆ ಎಂದು ಯೋಚಿಸಲಿಲ್ಲ. ನಮ್ಮ ಶೈವರ ಪದ್ಧತಿ, ವಿಭೂತಿ, ಲಿಂಗಪೂಜೆ ಎಂದೆಲ್ಲ ದೊಡ್ಡ ಪಾಠ ಮಾಡಿದೆ.

ಹೊರಡುವಾಗ ಬಾಗಿಲ ಬಳಿ ಅವಳು 'ಸೆವೆನ್' ಎಂದು ಇನ್ನೇನೋ ಹೇಳಿದಳು. ನಾನು ಬಿಸಿನೀರಿನ ಸಮಯ ಎಂದುಕೊಂಡೆ. ಇವರು ಏನೂ ಅಂದುಕೊಳ್ಳಲಿಲ್ಲ, ಆಗಲೇ ಕಣ್ಣು ಡಬ್ಬಿಯ ಚಕ್ರದ ಮೇಲಿತ್ತು. ಯಾರ ಮನೆಯ ಹೊಸ್ತಿಲು ದಾಟುವಾಗಲೂ ನಾವು ಹೇಳುವ ಮಾತನ್ನೇ ಕೈ ಮುಗಿದು ಇಂಗ್ಲಿಷಿನಲ್ಲಿ ಹೇಳಿದರು. "ಓಕೆ ಮೇಡಂ, ವಿ ವಿಲ್ ಕಮ್."

ಮೋರಾಗ್ ನಕ್ಕು ಎರಡು ಸಲ ತಲೆಯಾಡಿಸಿದಳು. ಒಳ್ಳೆಯ ಹೆಂಗಸು ಎಂದು ಮಾತಾಡಿಕೊಂಡು ಬಂದೆವು.

ಕತ್ತಲಾಗದ ಸಂಜೆ

ಡಬ್ಬಿಯ ಒಳಗೆ ಅಚ್ಚುಕಟ್ಟು. ಸಾಮಾನು ಇಡುವ ಹಳೆಯ ಹಿತ್ತಾಳೆಯ ಅಟ್ಟ, ಗಾಜಿನ ದೀಪ, ಕಿಟಕಿಯ ಪಕ್ಕ ಇಬ್ಬರು ಎದುರುಬದುರು ಕೂರುವ ಮೇಜು. ಸರಪಳಿ ಎಳೆದರೆ ದಂಡ ಎಂಬ ಬೋರ್ಡು ಹಾಗೇ ಇತ್ತು. ನಿಂತ ಗಾಡಿಯನ್ನು ಇನ್ನೆಷ್ಟು ನಿಲ್ಲಿಸುವುದು? ಇವರು ಕಾಣದಿದ್ದಾಗ ಒಂದು ಸಲ ಎಳೆದು ನೋಡಿದೆ. ಏನೂ ಆಗಲಿಲ್ಲ.

ಇವರು ಕಾಣದಿದ್ದಾಗ ಎಂದೆನಲ್ಲ, ಇವರು ಕಂಡದ್ದೇ ಕಡಿಮೆ. ಟಾರ್ಚು ಹಿಡಿದು ಡಬ್ಬಿಯ ಕೆಳಗೆ ಮಲಗಿದ್ದರು. ನಾನು ಕಿಟಕಿಯ ಪಕ್ಕ ಕೂತು ಎದುರಿನ ಖಾಲಿ ಕುರ್ಚಿ ನೋಡುತ್ತಿದ್ದೆ. ನನ್ನ ಪಾದದ ಕೆಳಗಿಂದ ಠಣ್ ಠಣ್ ಎಂದು ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಮಾತೂ ಬಂತು.

"ಬ್ರೇಕು ಜಾಮ್ ಆಗ್ಬಿಟ್ಟಿದೆ ಕಣೇ! ಎಷ್ಟು ವರ್ಷದಿಂದ ಯಾರೂ ಕೈ ಹಾಕಿಲ್ಲ ಇದಕ್ಕೆ, ಪಾಪ!"

ಪಾಪ ಎಂಬ ಮಾತು ಇವರ ಬಾಯಲ್ಲಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಗರ್ಭಕೋಶ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕೇಳಿದ ನೆನಪಿಲ್ಲ. ಅವತ್ತು ಬಂದು, ಬೆಡ್ಡಿನ ಚಕ್ರ ಕಿರುಗುಟ್ಟುತ್ತದೆ ಎಂದು ನರ್ಸಿಗೆ ಹೇಳಿ ಹೋಗಿದ್ದರು.

ಒಂದು ಸಲ ಹೊರಗೆ ಹೋಗಿ ಕರೆಯೋಣವೆಂದರೆ ಹುಳು. ಎಳ್ಳಿನಷ್ಟೂ ದೊಡ್ಡದಲ್ಲ, ಹಿಂಡು ಹಿಂಡಾಗಿ ಬಂದು ಕೂದಲ ಒಳಗೆ ನುಗ್ಗಿ ಕಚ್ಚುತ್ತದೆ. ಶ್ರೀನಗರದ ಸೊಳ್ಳೆ ಎಷ್ಟೋ ಮರ್ಯಾದಸ್ಥ, ಕಿವಿಯ ಹತ್ತಿರ ಬಂದು ಹೇಳಿ ಕಚ್ಚುತ್ತದೆ. ಒಳಗೆ ಓಡಿಬಂದು ಬಾಗಿಲು ಹಾಕಿದೆ.

ಏಳು ಹೊಡೆದಾಗ ಮೋರಾಗ್ ತನ್ನ ಬಾಗಿಲಲ್ಲಿ ನಿಂತು ನಮ್ಮ ಕಡೆ ನೋಡುತ್ತಿದ್ದಳು. ಈ ದೇಶದ ಬೇಸಿಗೆಯಲ್ಲಿ ಕತ್ತಲಾಗುವುದು ತೀರಾ ತಡ, ಬಿಸಿಲು ಇನ್ನೂ ಮಧ್ಯಾಹ್ನದ ಹಾಗೇ ಇತ್ತು. ನಾನು ಕಿಟಕಿಯಿಂದ ಕೈ ಬೀಸಿದೆ. ಅವಳೂ ಬೀಸಿದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ನಿಂತಿದ್ದಾಳೆ. ನಾನು ಮತ್ತೆ ಬೀಸಿದೆ. ಈ ದೇಶದವರು ಎಷ್ಟು ಸಲ ಶುಭರಾತ್ರಿ ಹೇಳುತ್ತಾರಪ್ಪ ಎಂದುಕೊಂಡು, ಅವಲಕ್ಕಿ ನೆನೆಸಿ, ಮೊಸರು ಹಾಕಿ ಕಲೆಸಿದೆ. ಇವರನ್ನು ಊಟಕ್ಕೆ ಕರೆದೆ. "ಬಂದೆ" ಎಂದರು. ಕನ್ನಡದಲ್ಲಿ ಇನ್ನೂ ಬಾರದವರೇ 'ಬಂದೆ' ಎನ್ನುವುದು. ಬಂದಾಗ ಅವಲಕ್ಕಿ ಮುದ್ದೆಯಾಗಿತ್ತು.

ಮೋರಾಗ್‌ಳ ಅಡುಗೆಮನೆ

ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ವಿಭೂತಿ ಇಟ್ಟು, ನವಿಲುಗರಿ ಬಣ್ಣದ ಸೀರೆಯನ್ನು ಮೂರು ಸಲ ಬಿಚ್ಚಿ ಉಟ್ಟು ನಾನು ತಯಾರಾದೆ. ಗಾಡಿ ಹತ್ತೂವರೆಗೆ. ಇವರೂ ಪೂಜೆ ಮುಗಿಸಿ ಇಸ್ತ್ರಿ ಶರ್ಟು ಹಾಕಿಕೊಂಡರು. ನನಗೆ ನಿಜಕ್ಕೂ ಸಂತೋಷವಾಯಿತು. ಹಿಂದಿನ ದಿನ ಇಸಿದುಕೊಂಡಿದ್ದ ಹಾಲಿನ ಜಗ್ಗು ವಾಪಸ್ಸು ಕೊಟ್ಟು ಬರೋಣವೆಂದು ಮೋರಾಗ್‌ಳ ಮನೆಗೆ ಹೋದೆ.

ಅಡುಗೆಮನೆಯ ಮೇಜಿನ ಮೇಲೆ ಮೂರು ತಟ್ಟೆ ಹಾಗೇ ಇದ್ದವು. ಮೂರು ಲೋಟ, ಮಡಿಚಿದ ಮೂರು ಬಟ್ಟೆ, ನಡುವೆ ಒಂದು ಸೀಸೆಯಲ್ಲಿ ಬಯಲಿನ ನೇರಳೆ ಹೂವು. ದೊಡ್ಡ ಪಾತ್ರೆಯಲ್ಲಿ, ಇವರು ಪೈ ಎನ್ನುವ, ಮೇಲೆ ಕೆಂಪಗೆ ಬೆಂದ ಆಲೂಗಡ್ಡೆಯ ಕಡುಬು. ಒಂದು ಚೂರೂ ಕತ್ತರಿಸಿರಲಿಲ್ಲ.

"ನೀವು ಬರ್ತೀವಿ ಅಂದ್ರಿ" ಎಂದಳು ಮೋರಾಗ್. ಈ ಸಲ ಅವಳ ಇಂಗ್ಲಿಷು ನನಗೆ ಪೂರ್ತಿ ಅರ್ಥವಾಯಿತು. "ನಾನು ಕೈ ಬೀಸಿ ಕರೆದೆ, ನೀನೂ ಬೀಸಿದೆ. ಬರ್ತಾ ಇದೀರಿ ಅಂದ್ಕೊಂಡೆ. ಹತ್ತು ಗಂಟೆವರೆಗೂ ಒಲೆ ಆರಿಸಲಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾಂಸ ತಿನ್ನುತ್ತೀರಾ ಎಂದು ಕೇಳಿದ್ದು ಇದಕ್ಕೆ. ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ವಿವರಿಸಿದೆ. ನಮ್ಮ ಕಡೆ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, ಅದು ಅಪಶಕುನ. ಸತ್ತವರು ಮಾತ್ರ ಹೋಗುವುದು. ಅದಕ್ಕೇ ಹೋಗುವವರೆಲ್ಲ 'ಬರ್ತೀನಿ' ಎನ್ನುತ್ತಾರೆ. ನಮ್ಮವರು ಹೇಳಿದ್ದು ಅದನ್ನೇ, ಊಟಕ್ಕೆ ಬರುತ್ತೇವೆ ಎಂದಲ್ಲ.

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತಾ ಯೋಚಿಸಿದಳು. "ಹಾಗಾದ್ರೆ ನಿಜವಾಗ್ಲೂ ಬರೋರು ಏನಂತಾರೆ?"

"ಅದನ್ನೇ ಅಂತಾರೆ."

"ಮತ್ತೆ, ಬರ್ತಾರೋ ಇಲ್ವೋ ಅಂತ ಮನೇಲಿರೋರಿಗೆ ಗೊತ್ತಾಗೋದು ಹೇಗೆ?"

"ಕಾಯ್ಬೇಕು" ಎಂದೆ.

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಈ ಹೆಂಗಸು ಒಂದು ಸಂಜೆ ಕಾದಿದ್ದಕ್ಕೆ ನಾನು ನಾಚಿಕೆಯಿಂದ ಸಾಯುತ್ತಿದ್ದೆ. ಶ್ರೀನಗರದ ನನ್ನ ಅಡುಗೆಮನೆಯಲ್ಲಿ ಎಷ್ಟು ಸಂಜೆ ತಟ್ಟೆ ಇಟ್ಟು ಕಾದೆ, ಅದಕ್ಕೆ ಇವರು ಯಾರ ಮುಂದೆ ನಾಚಿಕೊಂಡರು? ನನಗೂ ಕೋಪ ಮಾಡಿಕೊಳ್ಳುವ ಹಕ್ಕಿತ್ತು. ಬರ್ತೀನಿ ಎಂಬ ಮಂಗಳಕರ ಮಾತು ಕೇಳಿಸಿಕೊಂಡು, ಬಾಗಿಲು ಹಾಕಿಕೊಂಡು, ಒಳ್ಳೆಯ ಹೆಂಡತಿಯ ಹಾಗೆ ಸಾರು ಬಿಸಿ ಮಾಡುತ್ತಾ ಕೂತುಬಿಟ್ಟೆ.

ಮೋರಾಗ್ ಕಡುಬಿನಲ್ಲಿ ಎರಡು ದೊಡ್ಡ ತುಂಡು ಕತ್ತರಿಸಿ ಡಬ್ಬಕ್ಕೆ ಹಾಕಿ ಕೊಟ್ಟಳು, ಸಮುದ್ರದ ಹತ್ತಿರ ತಿನ್ನಿ ಎಂದು. ಆಮೇಲೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು. ಇಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ತೋಳು ನೇರ ಚಾಚಬೇಕು.

"ಬೀಸ್ಬೇಡ ಮತ್ತೆ" ಎಂದಳು. "ಬೀಸಿದ್ರೆ ಡ್ರೈವರೂ ಬೀಸ್ಕೊಂಡು ಹೋಗ್ಬಿಡ್ತಾನೆ."

ಪ್ಲಾಟ್‌ಫಾರ್ಮು

ವಾಪಸ್ಸು ಬಂದರೆ ಇಸ್ತ್ರಿ ಶರ್ಟು ಮಂಚದ ಮೇಲಿತ್ತು. ಇವರ ಎರಡು ಕಾಲು ಡಬ್ಬಿಯ ಕೆಳಗಿನಿಂದ ಹೊರಗೆ ಚಾಚಿಕೊಂಡಿದ್ದವು.

"ಟೈಮಾಯ್ತು, ಏಳಿ" ಎಂದೆ.

"ಇನ್ನೂ ಇಪ್ಪತ್ತು ನಿಮಿಷ ಇದೆ. ಅಲ್ಲಿ ಶೆಡ್ಡಲ್ಲಿ ಎಣ್ಣೆ ಸಿಕ್ತು ಕಣೇ. ಬ್ರೇಕು ಒಂಚೂರು ಅಲ್ಲಾಡ್ತಿದೆ. ಈಗ ಬಿಟ್ರೆ ಮತ್ತೆ ಹಿಡ್ಕೊಂಬಿಡತ್ತೆ."

"ಬ್ರೇಕ್ ಬಿಟ್ರೆ ಈ ಗಾಡಿ ಎಲ್ಲಿಗ್ ಹೋಗತ್ತೆ?"

ಅದಕ್ಕೆ ಠಣ್ ಎಂಬ ಸದ್ದು ಬಂತು. ಶಾಲೆಯಲ್ಲಿ ನಾನು ಮಕ್ಕಳನ್ನು ಎರಡನೇ ಸಲ ಕರೆದವಳಲ್ಲ. ಇವರನ್ನು ನಾಲ್ಕು ಸಲ ಕರೆದೆ. ನಾಲ್ಕು ಸಲವೂ "ಬಂದೆ" ಎಂದರು. ಐದನೆಯ ಸಲ ಕರೆಯದೆ ಕಡುಬಿನ ಡಬ್ಬ ಹಿಡಿದು ಪ್ಲಾಟ್‌ಫಾರ್ಮಿಗೆ ನಡೆದೆ.

ದೂರದಲ್ಲಿ ರೈಲು ಕಂಡಿತು. ಬರೀ ಎರಡು ಡಬ್ಬಿ. ಹಳಿ ಸಣ್ಣಗೆ ಹಾಡತೊಡಗಿತು. ಬನಶಂಕರಿಯಲ್ಲಿ ಸ್ಟಾಪಿನಲ್ಲೇ ನಿಂತು ಕೈ ಅಡ್ಡ ಹಿಡಿದರೂ ಮುಖ ನೋಡದೆ ಹೋದ ಬಸ್ಸುಗಳೆಷ್ಟೋ. ಎರಡು ಹೆಜ್ಜೆ ಓಡಿ, ಚಪ್ಪಲಿ ಕಿತ್ತು, ಬೈದುಕೊಂಡು ನಿಂತ ದಿನಗಳೆಷ್ಟೋ. ಇಂಥ ಕೈಗೆ ರೈಲು ನಿಲ್ಲುತ್ತದೆಯೇ? ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಳು ಚಾಚಿದೆ. ಬಳೆಗಳು ಮೊಣಕೈವರೆಗೆ ಜಾರಿದವು. ಡ್ರೈವರ್ ಒಂದು ಸಲ ಹಾರ್ನ್ ಹಾಕಿದ. ಅಷ್ಟು ದೊಡ್ಡ ಗಾಡಿ ನನ್ನೊಬ್ಬಳಿಗಾಗಿ ನಿಧಾನವಾಗಿ ಬಂದು ನಿಂತಿತು.

ಗಾರ್ಡು ಬಾಗಿಲು ತೆರೆದು, "ನೀವೊಬ್ರೇನಾ?" ಎಂದು ಕೇಳಿದ.

ಹಿಂದಿರುಗಿ ನೋಡಿದೆ. ಇವರು ಪ್ಲಾಟ್‌ಫಾರ್ಮಿನ ತುದಿಯವರೆಗೆ ಓಡಿ ಬಂದಿದ್ದರು. ಬನಿಯನ್ನು, ಮೊಣಕೈವರೆಗೆ ಕಪ್ಪು ಎಣ್ಣೆ. ನನ್ನಿಂದ ಹತ್ತು ಹೆಜ್ಜೆ. ಹತ್ತಿದ್ದರೆ ಹತ್ತಬಹುದಿತ್ತು. ಆ ಬನಿಯನ್ನಿನಲ್ಲೇ, ಆ ಕೈಯಲ್ಲೇ ಬಂದು ಪಕ್ಕದಲ್ಲಿ ಕೂತಿದ್ದರೆ ನನ್ನ ನವಿಲುಗರಿ ಸೀರೆ ಹಾಳಾದರೂ ನಾನು ತುಟಿ ಬಿಚ್ಚುತ್ತಿರಲಿಲ್ಲ.

ಅವರು ತಮ್ಮ ಕೈ ನೋಡಿಕೊಂಡರು. "ಒಂದ್ನಿಮಿಷ ನಿಲ್ಸಕ್ಕೆ ಹೇಳೇ. ಕೈ ತೊಳ್ಕೊಂಡ್ ಬರ್ತೀನಿ."

ನಾನು ಹತ್ತಿದೆ. ಬಾಗಿಲಲ್ಲಿ ನಿಂತು, "ನಾನು ಹೋಗ್ತೀನಿ" ಎಂದೆ.

ಇವರ ಮುಖ ಬಿಳಿಚಿಕೊಂಡಿತು. "ಹಂಗನ್ಬಾರ್ದು ಕಣೇ. ಬರ್ತೀನಿ ಅನ್ನು. ಏ, ಬರ್ತೀನಿ ಅನ್ನೇ!"

ಅನ್ನಲಿಲ್ಲ. ಗಾರ್ಡು ಬಾಗಿಲು ಹಾಕಿದ. ಕಿಟಕಿಯ ಪಕ್ಕ ಕೂತೆ. ಅಭ್ಯಾಸಬಲ, ಪಕ್ಕದ ಸೀಟಿನ ಮೇಲೆ ಕಡುಬಿನ ಡಬ್ಬ ಇಟ್ಟು ಜಾಗ ಹಿಡಿದೆ. ನಾಲ್ಕು ನಿಮಿಷ ಬಿಟ್ಟು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಗಾಡಿ ವೇಗ ಹಿಡಿದ ಮೇಲೆ ಕಾಲ ಕೆಳಗೆ ಸದ್ದು ಶುರುವಾಯಿತು. ಠಕ್, ಠಕ್, ಠಕ್. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಮುದ್ರ, ಮತ್ತು ವಾಪಸ್ಸು

ಸಮುದ್ರ ಬೂದಿ ಬಣ್ಣಕ್ಕಿತ್ತು. ದಡದಲ್ಲಿ ಮರಳಿಗಿಂತ ಕಲ್ಲು ಜಾಸ್ತಿ. ಒಬ್ಬ ಮುದುಕ ನಾಯಿಗೆ ಚೆಂಡು ಎಸೆಯುತ್ತಿದ್ದ. ನನ್ನ ಸೀರೆ ನೋಡಿ ಟೋಪಿ ಎತ್ತಿ ನಮಸ್ಕರಿಸಿ ಹೋದ. ಒಂದು ಬಂಡೆಯ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತೆ. ಎಣಿಸಲು ಮಕ್ಕಳಿರಲಿಲ್ಲ. ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಇದು ಇಷ್ಟು ಸುಲಭವಾಗಿತ್ತಲ್ಲ, ಕೈ ಚಾಚಿದರೆ ಸಾಕಾಗಿತ್ತಲ್ಲ, ಇದಕ್ಕಾಗಿ ಅರವತ್ತೊಂದು ವರ್ಷದವರೆಗೆ ಇನ್ನೊಬ್ಬರ ಕೈ ತೊಳೆಯುವುದನ್ನು ಕಾಯುತ್ತಾ ಕೂತೆನಲ್ಲ ಎಂದು. ಅತ್ತು ಮುಗಿಸಿ, ಎರಡು ತುಂಡು ಕಡುಬನ್ನೂ ನಾನೊಬ್ಬಳೇ ತಿಂದೆ. ಉಪ್ಪು ಕಡಿಮೆ, ಆದರೆ ಚೆನ್ನಾಗಿತ್ತು.

ಸಂಜೆಯ ಗಾಡಿ ಬೆಳಗಿನದೇ. ಅದೇ ಡಬ್ಬಿ, ಅದೇ ಗಾರ್ಡು, ನನ್ನ ಅದೇ ಸೀಟು. ಇಳಿಯಬೇಕಾದವರು ಗಾರ್ಡಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಗಾಡಿ ನಿಲ್ಲಿಸದೆ ಹೋಗಿಬಿಡುತ್ತಾರೆ. ಬೇರೆ ಸೀಟಿನವರ ಬಳಿ ಹೋಗುತ್ತಿದ್ದವನು ನನ್ನ ಹತ್ತಿರ ಬಂದು, ಬೆಳಿಗ್ಗೆ ಹತ್ತಿದಲ್ಲೇ ತಾನೇ ಎಂದು ಕೇಳಿದ. ನಾನು ತಕ್ಷಣ ಹೂಂ ಎನ್ನಲಿಲ್ಲ. ಕಿಟಕಿಯಾಚೆ ಹೊಳೆಯುವ ನೀರಿನ ಗುಂಡಿಗಳನ್ನು ಸ್ವಲ್ಪ ಹೊತ್ತು ನೋಡಿದೆ. ಅವನು ಕಾದ. ಆಮೇಲೆ ಹೌದು ಎಂದೆ.

ಇವರು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ಕೈ ಉಜ್ಜಿ ಉಜ್ಜಿ ಕೆಂಪಗಾಗಿತ್ತು. ಇಸ್ತ್ರಿ ಶರ್ಟು, ಹಣೆಯಲ್ಲಿ ಹೊಸದಾಗಿ ಇಟ್ಟ ವಿಭೂತಿ. ಮಧ್ಯಾಹ್ನದಿಂದ ಇಲ್ಲೇ ನಿಂತಿದ್ದರು, ಊಟಕ್ಕೂ ಬರಲಿಲ್ಲ ಎಂದು ಆಮೇಲೆ ಮೋರಾಗ್ ಹೇಳಿದಳು. ರೈಲು ನನ್ನನ್ನು ಇಳಿಸಿ ಹೊರಟಿತು. ನಾವಿಬ್ಬರೂ ಅದು ಹೋಗುವುದನ್ನೇ ನೋಡುತ್ತಾ ನಿಂತೆವು. ಒಂದು ಮಾತು ಬರಲಿ ಎಂದು ಕಾದೆ. ತಪ್ಪಾಯ್ತು ಅನ್ನಬೇಕೆಂದೇನಿಲ್ಲ. ಸಮುದ್ರ ಹೇಗಿತ್ತು ಎಂದು ಕೇಳಿದ್ದರೂ ಸಾಕಿತ್ತು. ಇವರ ತುಟಿ ಎರಡು ಸಲ ತೆರೆದು ಮುಚ್ಚಿತು.

"ನೀನು ಕೂತಿದ್ಯಲ್ಲ, ಆ ಡಬ್ಬಿ ಹಿಂದಿನ್ ಚಕ್ರ ಫ್ಲಾಟ್ ಆಗಿದೆ" ಎಂದರು. "ಬೆಳಿಗ್ಗೆ ಹೋಗ್ಬೇಕಾದ್ರೇನೇ ಕೇಳಿಸ್ತು ನಂಗೆ."

"ಗೊತ್ತು" ಎಂದೆ. "ಹೋಗ್ತಾನೂ ಬರ್ತಾನೂ ನಾನು ಅದ್ರ ಮೇಲೇ ಕೂತಿದ್ದೆ."